ಹನ್ನೆರಡಡಿ ಏಣಿ: 1314ರಲ್ಲಿ ಎಡಿನ್‌ಬರೋ ಕೋಟೆ ಕೈಬದಲಾದದ್ದು ಹೇಗೆ

ಮೂವತ್ತು ಜನ ಕತ್ತಲಲ್ಲಿ ಬಂಡೆಗೆ ಅಂಟಿಕೊಂಡು ಕೂತಿದ್ದರು. ಅರ್ಧ ದಾರಿ ಹತ್ತಿಯಾಗಿತ್ತು. ಉಸಿರು ಸುಧಾರಿಸಿಕೊಳ್ಳಲು ಸಿಕ್ಕ ಒಂದೇ ಒಂದು ಕಲ್ಲಿನ ಅಂಚು ಅದು. ನೇರ ತಲೆಯ ಮೇಲೆ ಕೋಟೆ ಗೋಡೆ. ಅಲ್ಲಿ ಗಸ್ತಿನವರು ಮಾತಾಡಿಕೊಂಡು ಓಡಾಡುವುದು ಕೇಳಿಸುತ್ತಿತ್ತು. ಅವರಲ್ಲೊಬ್ಬ ತಟ್ಟನೆ ನಿಂತ. ಒಂದು ಕಲ್ಲೆತ್ತಿ ಕೆಳಗೆ ಬೀಸಿದ. "ತೊಲಗು, ನೀನು ಕಂಡೆ!" ಎಂದು ಕೂಗಿದ.

ಕಲ್ಲು ಅವರ ತಲೆಯ ಮೇಲಿಂದ ಹಾರಿ ಕೆಳಗೆ ಉರುಳಿತು. ಯಾರೂ ಮಿಸುಕಲಿಲ್ಲ. ಗಸ್ತಿನವನು ಸ್ವಲ್ಪ ಹೊತ್ತು ಕಿವಿಗೊಟ್ಟ. ಏನೂ ಕೇಳಿಸಲಿಲ್ಲ. ಜೊತೆಯವರೊಂದಿಗೆ ಮುಂದೆ ಹೋದ. ಅಸಲಿಗೆ ಅವನಿಗೆ ಯಾರೂ ಕಂಡಿರಲಿಲ್ಲ. ಜೊತೆಯವರನ್ನು ಬೆಚ್ಚಿಬೀಳಿಸೋಣ ಅಂತ ಸುಮ್ನೆ ಮಾಡಿದ ತಮಾಷೆ ಅದು.

ಇದು 1314ರ ಮಾರ್ಚ್ 14ರ ರಾತ್ರಿ. ಜಾಗ, ಸ್ಕಾಟ್ಲೆಂಡಿನ ಎಡಿನ್‌ಬರೋ ಕೋಟೆಯ ಉತ್ತರದ ಬಂಡೆ. ಒಳಗಿದ್ದವರು ಇಂಗ್ಲಿಷರು. ಹತ್ತುತ್ತಿದ್ದವರು ಸ್ಕಾಟರು. ಕಲ್ಲಿನ ಕಥೆ ಹೇಳಿದವನು ಜಾನ್ ಬಾರ್ಬರ್ ಎಂಬ ಅಬರ್ಡೀನಿನ ಪಾದ್ರಿ. ಅವನು ಬರೆದದ್ದು ಸುಮಾರು 1375ರಲ್ಲಿ, ಘಟನೆಯಾಗಿ ಅರವತ್ತು ವರ್ಷದ ಮೇಲೆ. ಅದೂ ತನ್ನ ದೇಶದ ವೀರರನ್ನು ಕೊಂಡಾಡುವ ಒಂದು ದೊಡ್ಡ ಪದ್ಯದಲ್ಲಿ. ಹಾಗಾಗಿ ಉಪ್ಪು ಖಾರ ಸೇರಿದೆ ಅಂತ ಮೊದಲೇ ಅಂದುಕೊಂಡು ಓದುವುದು ಒಳ್ಳೆಯದು. ಆದರೂ ಆ ಕಲ್ಲು ನನಗೆ ನಿಜ ಅನ್ನಿಸುತ್ತದೆ. ಬೇಜಾರು ಹಿಡಿದ ರಾತ್ರಿ ಪಾಳಿಯವರು ಮಾಡುವ ಕೆಲಸವೇ ಅದು.

ಹತ್ತಿದ್ದು ಸಾಹಸ, ಸರಿ. ಆದರೆ ಈ ಪ್ರಕರಣದಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ಬೇರೆ. ಇಷ್ಟು ಗಟ್ಟಿ ಕೋಟೆಗೆ ಹನ್ನೆರಡಡಿಯ ಏಣಿ ಹೇಗೆ ಸಾಕಾಯಿತು? ಜೀವ ಒತ್ತೆಯಿಟ್ಟು ಗೆದ್ದ ಕೋಟೆಯನ್ನು ಗೆದ್ದವರೇ ಯಾಕೆ ಕೆಡವಿದರು?

ಬಂಡೆ ಮತ್ತು ಬೀಗ

ಎಡಿನ್‌ಬರೋ ಕೋಟೆ ಕೂತಿರುವುದು ಸತ್ತುಹೋದ ಜ್ವಾಲಾಮುಖಿಯ ಗಂಟಲಲ್ಲಿ ಗಟ್ಟಿಯಾದ ಕಲ್ಲಿನ ಮೇಲೆ. ವಯಸ್ಸು ಸುಮಾರು 35 ಕೋಟಿ ವರ್ಷ. ಹಿಮಗಾಲದಲ್ಲಿ ಪಶ್ಚಿಮದಿಂದ ಸರಿದು ಬಂದ ಮಂಜಿನ ರಾಶಿ ಈ ಕಲ್ಲಿಗೆ ಡಿಕ್ಕಿ ಹೊಡೆದು ಎರಡಾಗಿ ಸೀಳಿಕೊಂಡಿತು. ಮೂರು ಕಡೆ ಕೆರೆದು ಕಡಿದು ಮಾಡಿತು. ಕಲ್ಲಿನ ಮರೆಯಲ್ಲಿದ್ದ ಪೂರ್ವ ಭಾಗ ಮಾತ್ರ ಉದ್ದನೆಯ ಇಳಿಜಾರಾಗಿ ಉಳಿಯಿತು. ಊರು ಬೆಳೆದದ್ದು ಆ ಇಳಿಜಾರಿನ ಮೇಲೆ. ಕೋಟೆಗೆ ನಡೆದು ಹೋಗುವ ದಾರಿಯೂ ಅದೊಂದೇ. ಉಳಿದ ಕಡೆ ಕೆಲವೆಡೆ 80 ಮೀಟರ್‌ವರೆಗೆ ಬಂಡೆ. ಈಗ ಉತ್ತರದ ಬಂಡೆಯ ಬುಡದಲ್ಲಿ ಉದ್ಯಾನವಿದೆ, ರೈಲು ಹಳಿ ಇದೆ. ಅಲ್ಲಿ ನಿಂತು ಕತ್ತೆತ್ತಿ ನೋಡಿದವರಿಗೆ, ರಾತ್ರಿ ಹೊತ್ತು ಕತ್ತಿ ಕಟ್ಟಿಕೊಂಡು ಇದನ್ನು ಹತ್ತುವುದು ಅಂದರೇನು ಅಂತ ಬೇರೆ ಹೇಳಬೇಕಾಗಿಲ್ಲ.

ಇಂಗ್ಲೆಂಡಿನ ದೊರೆ ಮೊದಲನೇ ಎಡ್ವರ್ಡ್ ಈ ಕೋಟೆ ಹಿಡಿದದ್ದು 1296ರಲ್ಲಿ. ಮಾರ್ಚ್ ಕೊನೆಗೆ ಬೆರಿಕ್ ಪಟ್ಟಣವನ್ನು ಸೂರೆ ಮಾಡಿದ. ಏಪ್ರಿಲ್‌ನಲ್ಲಿ ಡನ್‌ಬಾರ್‌ನಲ್ಲಿ ಸ್ಕಾಟ್ ಸೈನ್ಯ ಮುರಿಯಿತು. ಜೂನ್‌ನಲ್ಲಿ ಕಲ್ಲೆಸೆಯುವ ಯಂತ್ರಗಳ ಹೊಡೆತಕ್ಕೆ ಎಡಿನ್‌ಬರೋ ಬಾಗಿಲು ತೆರೆಯಿತು. ಒಳಗಿದ್ದ ದಾಖಲೆ, ಒಡವೆಗಳೆಲ್ಲ ಲಂಡನ್ನಿಗೆ ಹೋದವು. ಆಮೇಲೆ ಅಲ್ಲಿ ದೊಡ್ಡ ಕಾವಲು ಪಡೆಯನ್ನೇ ಇಟ್ಟರು. 1300ರ ಲೆಕ್ಕದಲ್ಲಿ 325 ಜನ.

ಆ ಕಾಲದ ಕೋಟೆ ಅಂದರೆ ತಾಲೂಕು ಕಚೇರಿ, ಖಜಾನೆ, ಜೈಲು, ಠಾಣೆ ಎಲ್ಲ ಒಂದೇ ಕಡೆ ಸೇರಿದ ಹಾಗೆ. ಕಂದಾಯ ಅಲ್ಲಿಗೇ ಬರಬೇಕು. ಕುದುರೆ ಸವಾರರು ಬೆಳಿಗ್ಗೆ ಹೊರಟು ಸುತ್ತಲಿನ ಹಳ್ಳಿಗಳಲ್ಲಿ ಕೈಮಾಡಿ ಸಂಜೆಗೆ ಗೋಡೆಯೊಳಗೆ ಸೇರಿಕೊಳ್ಳಬಹುದು. ಹೊಲಗದ್ದೆಯೆಲ್ಲ ಸ್ಕಾಟರ ಕೈಯಲ್ಲಿದ್ದರೂ ಬೀಗದ ಕೈ ಇವರ ಹತ್ತಿರ. ಎಡಿನ್‌ಬರೋ, ರಾಕ್ಸ್‌ಬರೋ, ಸ್ಟರ್ಲಿಂಗ್, ಬೆರಿಕ್, ಹೀಗೆ ಕೆಲವೇ ಕೋಟೆಗಳಿಂದ ದಕ್ಷಿಣ ಸ್ಕಾಟ್ಲೆಂಡನ್ನು ಹಿಡಿದಿಟ್ಟಿದ್ದರು.

ಯಂತ್ರವಿಲ್ಲದ ದೊರೆ

1306ರಲ್ಲಿ ರಾಬರ್ಟ್ ಬ್ರೂಸ್ ಸ್ಕಾಟ್ಲೆಂಡಿನ ದೊರೆಯಾದ. ಆ ವರ್ಷವೇ ಮೆಥ್ವೆನ್‌ನಲ್ಲಿ ಸೋತು ತಲೆಮರೆಸಿಕೊಂಡ. 1307ರಲ್ಲಿ ಎಡ್ವರ್ಡ್ ಸತ್ತ. ಮಗ ಎರಡನೇ ಎಡ್ವರ್ಡ್ ತನ್ನ ಸರದಾರರ ಜೊತೆಗೇ ಜಗಳಕ್ಕೆ ಬಿದ್ದ. ಬ್ರೂಸ್‌ಗೆ ಉಸಿರಾಡಲು ಜಾಗ ಸಿಕ್ಕಿತು.

ಆದರೆ ಅವನ ಹತ್ತಿರ ಗೋಡೆ ಒಡೆಯುವ ದೊಡ್ಡ ಯಂತ್ರಗಳಿರಲಿಲ್ಲ. ಅವನ್ನು ಕಟ್ಟಿಸಿ ಎಳೆಸುವಷ್ಟು ದುಡ್ಡೂ ಇರಲಿಲ್ಲ. ತಿಂಗಳುಗಟ್ಟಲೆ ಮುತ್ತಿಗೆ ಹಾಕಿ ಕೂತರೆ ಕೂತವರಿಗೂ ಊಟ ಹಾಕಬೇಕಲ್ಲ. ಉಳಿದದ್ದು ಕತ್ತಲು, ಮೋಸ, ಮತ್ತೆ ಏಣಿ.

ಆ ಏಣಿಯ ಬಗ್ಗೆ ಸ್ವಲ್ಪ ಹೇಳಲೇಬೇಕು. 1312ರ ಡಿಸೆಂಬರ್‌ನಲ್ಲಿ ಬ್ರೂಸ್ ಬೆರಿಕ್ ಮೇಲೆ ರಾತ್ರಿ ಲಗ್ಗೆ ಹತ್ತಲು ನೋಡಿದ. ಎರಡು ಏಣಿ ಗೋಡೆಗೆ ಸಿಕ್ಕಿಸಿದ್ದೂ ಆಯಿತು. ಅಷ್ಟರಲ್ಲಿ ಒಂದು ನಾಯಿ ಬೊಗಳಿತು. ಊರು ಎದ್ದಿತು. ಸ್ಕಾಟರು ಏಣಿ ಅಲ್ಲೇ ಬಿಟ್ಟು ಓಡಿದರು. ಬೆಳಿಗ್ಗೆ ಊರವರು ಅವನ್ನು ಮಾನ ಕಳೆಯಲೆಂದು ಎಲ್ಲರಿಗೂ ಕಾಣುವ ಹಾಗೆ ನೇತುಹಾಕಿದರು. ಗಡಿಯ ಇಂಗ್ಲಿಷ್ ಕಡೆಯ ಲ್ಯಾನರ್‌ಕಾಸ್ಟ್ ಮಠದ ಚರಿತ್ರೆಯಲ್ಲಿ ಆ ಏಣಿಯ ವಿವರ ಬಡಗಿ ಬರೆದಷ್ಟು ಚೆನ್ನಾಗಿದೆ. ಗೋಡೆಯಷ್ಟು ಉದ್ದದ ಎರಡು ಗಟ್ಟಿ ಹಗ್ಗ. ಒಂದೂವರೆ ಅಡಿಗೊಂದು ಗಂಟು. ಗಂಟಿನ ಮೇಲೆ ಎರಡೂವರೆ ಅಡಿ ಉದ್ದ, ಅರ್ಧ ಅಡಿ ಅಗಲದ ಹಲಗೆ. ತುದಿಯಲ್ಲಿ ಗೋಡೆಗೆ ಕೂರುವ ಕಬ್ಬಿಣದ ಕೊಕ್ಕೆ. ಕೊಕ್ಕೆಗೊಂದು ತೂತು, ಅದಕ್ಕೆ ಉದ್ದನೆಯ ಈಟಿಯ ಮೊನೆ ಸಿಕ್ಕಿಸಿ ಇಬ್ಬರು ಮೇಲೆತ್ತಿ ಕೂರಿಸುವುದು. ಹತ್ತುವವನ ಭಾರ ಜಾಸ್ತಿಯಾದಷ್ಟೂ ಕೊಕ್ಕೆ ಬಿಗಿ. ಹಗ್ಗ ಗೋಡೆಗೆ ಒತ್ತಿ ಕಾಲಿಡಲು ಆಗದೆ ಹೋದೀತು ಅಂತ ಮೂರು ಮೆಟ್ಟಿಲಿಗೊಂದು ಕಡೆ ಹಗ್ಗವನ್ನು ಗೋಡೆಯಿಂದ ದೂರ ತಳ್ಳುವ ಅಡ್ಡಕಟ್ಟು. ಹೆಗಲ ಮೇಲೆ ಹೊತ್ತೊಯ್ಯಬಹುದಾದ ಸಾಮಾನು ಇದು. ಶತ್ರುವಿನ ಕೈಕೆಲಸವನ್ನು ಆ ಬರಹಗಾರ ಒಳಗೊಳಗೇ ಮೆಚ್ಚಿಕೊಂಡಿದ್ದ ಅಂತ ನನ್ನ ಗುಮಾನಿ.

ಬೆರಿಕ್‌ನಲ್ಲಿ ಕೆಟ್ಟದ್ದು ಬೇರೆ ಕಡೆ ಫಲಿಸಿತು. 1313ರ ಜನವರಿಯಲ್ಲಿ ಪರ್ತ್ ಬಿತ್ತು. ಕಂದಕದ ನೀರಲ್ಲಿ ಕುತ್ತಿಗೆವರೆಗೆ ಮುಳುಗಿ, ಏಣಿ ಹೊತ್ತು, ದೊರೆಯೇ ದಾಟಿದ ಅಂತ ಬಾರ್ಬರ್ ಹೇಳುತ್ತಾನೆ. ಲಿನ್‌ಲಿತ್‌ಗೋದಲ್ಲಿ ಕೋಟೆಗೆ ದಿನಾ ಹುಲ್ಲು ಹಾಕುತ್ತಿದ್ದ ರೈತನೊಬ್ಬ ಹುಲ್ಲಿನಡಿ ಜನರನ್ನು ಮಲಗಿಸಿ, ಗಾಡಿಯನ್ನು ಸರಿಯಾಗಿ ಬಾಗಿಲ ನಡುವೆ ನಿಲ್ಲಿಸಿಬಿಟ್ಟ. ಬಾಗಿಲು ಮುಚ್ಚಲು ಆಗಲೇ ಇಲ್ಲ. 1314ರ ಫೆಬ್ರವರಿ 19, ಕ್ರೈಸ್ತರ ಉಪವಾಸದ ಕಾಲ ಶುರುವಾಗುವ ಮುಂಚಿನ ಹಬ್ಬದ ರಾತ್ರಿ. ಅಂದು ಬ್ರೂಸ್‌ನ ಸರದಾರ ಜೇಮ್ಸ್ ಡಗ್ಲಸ್ ರಾಕ್ಸ್‌ಬರೋ ಹಿಡಿದ. ಅವನ ಜನ ಕಪ್ಪು ಕಂಬಳಿ ಹೊದ್ದು ಅಂಬೆಗಾಲಿಟ್ಟು ಬಂದರು. ಗೋಡೆಯ ಮೇಲಿನವರು ಅವರನ್ನು ದನ ಅಂದುಕೊಂಡರು. ಹಬ್ಬದ ಗುಂಗಲ್ಲಿ ರೈತ ದನ ಕಟ್ಟುವುದನ್ನು ಮರೆತಿದ್ದಾನೆ ಅಂತ ನಕ್ಕರಂತೆ.

ಎಡಿನ್‌ಬರೋ ಮುಂದೆ ಕೂತಿದ್ದ ಥಾಮಸ್ ರಾಂಡಾಲ್ಫ್‌ಗೆ ಈ ಸುದ್ದಿ ಮುಟ್ಟಿತು. ಡಗ್ಲಸ್ ಒಂದೇ ರಾತ್ರಿಯಲ್ಲಿ ಕೆಲಸ ಮುಗಿಸಿದ್ದಾನೆ. ತಾನು ಇನ್ನೂ ಬಂಡೆ ನೋಡಿಕೊಂಡು ಕೂತಿದ್ದೇನೆ. ಹೊಟ್ಟೆ ಉರಿಯದೆ ಇದ್ದೀತೇ?

ರಾಂಡಾಲ್ಫ್ ಬ್ರೂಸ್‌ನ ಸೋದರಳಿಯ. ಆದರೆ ಮೊದಲಿನಿಂದ ಜೊತೆಗಿದ್ದವನಲ್ಲ. ಮೆಥ್ವೆನ್‌ನಲ್ಲಿ ಸೆರೆಸಿಕ್ಕವನು ಇಂಗ್ಲಿಷರ ಕಡೆ ಸೇರಿದ್ದ. ಆಮೇಲೆ ಇದೇ ಡಗ್ಲಸ್ ಅವನನ್ನು ಹಿಡಿದು ಬ್ರೂಸ್ ಮುಂದೆ ತಂದು ನಿಲ್ಲಿಸಿದ್ದ. ಆಗ ರಾಂಡಾಲ್ಫ್ ಮಾವನಿಗೇ ತಿರುಗಿ ಬೈದನಂತೆ: ಇಂಗ್ಲೆಂಡ್ ದೊರೆಯ ಮೇಲೆ ಯುದ್ಧ ಮಾಡುವವನು ಬಯಲಲ್ಲಿ ಎದುರಾಬದುರು ನಿಂತು ಮಾಡಬೇಕು, ಹೇಡಿಗಳ ಹಾಗೆ ಕಳ್ಳಾಟ ಆಡಬಾರದು ಅಂತ. ಸ್ವಲ್ಪ ಕಾಲ ಸೆರೆಯಲ್ಲಿದ್ದು ಮನಸ್ಸು ಬದಲಾಯಿಸಿದ. 1312ರಲ್ಲಿ ಮೋರೆ ಪ್ರಾಂತ್ಯದ ಅರ್ಲ್, ಅಂದರೆ ದೊಡ್ಡ ಸಾಮಂತ, ಆದ. 1314ರ ಮಾರ್ಚ್‌ನಲ್ಲಿ ಕಳ್ಳಾಟಕ್ಕೆ ದಾರಿ ಹುಡುಕುತ್ತಿದ್ದವನು ಇದೇ ಮನುಷ್ಯ.

ಒಳಗೆ

ಕೋಟೆಯೊಳಗೂ ಸ್ಥಿತಿ ನೆಟ್ಟಗಿರಲಿಲ್ಲ. ಕಿಲ್ಲೇದಾರ ಪಿಯರ್ಸ್ ಲುಬೋ ಎಂಬ ಗ್ಯಾಸ್ಕನಿಯವನು. ಗ್ಯಾಸ್ಕನಿ ಅಂದರೆ ಆಗ ಇಂಗ್ಲಿಷ್ ದೊರೆಯ ಕೈಕೆಳಗಿದ್ದ ಫ್ರಾನ್ಸಿನ ಭಾಗ. ಇವನು ಸ್ಕಾಟರ ಜೊತೆ ಒಳಗೊಳಗೇ ಮಾತಾಡುತ್ತಿದ್ದಾನೆ ಅಂತ ಅವನ ಸೈನಿಕರಿಗೇ ಅನುಮಾನ ಬಂತು. ಹಿಡಿದು ಬೇಡಿ ಹಾಕಿ ಕತ್ತಲೆ ಕೋಣೆಗೆ ತಳ್ಳಿದರು. ತಮ್ಮಲ್ಲೇ ಒಬ್ಬನನ್ನು ನಾಯಕ ಮಾಡಿಕೊಂಡರು. ಇದೂ ಬಾರ್ಬರ್ ಹೇಳುವುದೇ.

ಮುತ್ತಿಗೆಯಲ್ಲಿರುವ ಪಡೆಗೆ ಇದಕ್ಕಿಂತ ಕೆಟ್ಟದ್ದು ಇನ್ನೇನಿದೆ? ಹೊರಗಿನವನನ್ನು ನೋಡಬೇಕಾದ ಕಣ್ಣು ಪಕ್ಕದವನ ಮೇಲಿರುತ್ತದೆ. ಎರಡನೇ ಎಡ್ವರ್ಡ್ ಮುಂದಿನ ಬೇಸಿಗೆಗೆ ದೊಡ್ಡ ಸೈನ್ಯದೊಂದಿಗೆ ಬರುತ್ತೇನೆ ಅಂತ 1313ರ ಕೊನೆಯಲ್ಲೇ ಹೇಳಿಕಳಿಸಿದ್ದ. ಅಲ್ಲಿವರೆಗೆ ತಡೆದುಕೊಂಡರೆ ಸಾಕಿತ್ತು. ರಾಂಡಾಲ್ಫ್‌ಗೂ ಅದೇ ಗಡುವು, ತಿರುಗುಮುರುಗಾಗಿ.

ಫ್ರಾನ್ಸಿಸ್‌ನ ದಾರಿ

ರಾಂಡಾಲ್ಫ್ ತನ್ನ ಪಾಳೆಯದಲ್ಲಿ ವಿಚಾರಿಸಿದ. ಗೋಡೆಗೆ ಬೇರೆ ಯಾವುದಾದರೂ ದಾರಿ ಗೊತ್ತಿರುವವರು ಇದ್ದಾರೆಯೇ? ಆಗ ವಿಲಿಯಂ ಫ್ರಾನ್ಸಿಸ್ ಎಂಬವನು ಮುಂದೆ ಬಂದ. ಅವನ ಅಪ್ಪ ಹಿಂದೆ ಆ ಕೋಟೆಯ ಕಾವಲು ನೋಡಿಕೊಳ್ಳುತ್ತಿದ್ದ. ಫ್ರಾನ್ಸಿಸ್ ಬೆಳೆದದ್ದು ಒಳಗೇ. ವಯಸ್ಸಿನಲ್ಲಿ ಊರೊಳಗಿನ ಒಬ್ಬಳು ಹುಡುಗಿಯ ಮೇಲೆ ಮನಸ್ಸಾಗಿತ್ತು. ರಾತ್ರಿ ಬಾಗಿಲು ಹಾಕಿದ ಮೇಲೆ ಹಗ್ಗದ ಏಣಿಯಲ್ಲಿ ಗೋಡೆ ಇಳಿದು, ಬಂಡೆಯ ಸಂದಿಯಲ್ಲಿ ದಾರಿ ಮಾಡಿಕೊಂಡು ಊರಿಗೆ ಹೋಗುತ್ತಿದ್ದ. ಬೆಳಗಾಗುವ ಮುಂಚೆ ಅದೇ ದಾರಿಯಲ್ಲಿ ವಾಪಸ್. ಎಷ್ಟು ಸಲ ಅಂದರೆ, ಎಂಥ ಕತ್ತಲಲ್ಲೂ ಕಾಲಿಗೆ ಗುರುತು ಸಿಗುವಷ್ಟು. ಕೊನೆಯಲ್ಲಿ ಗೋಡೆ ಏರಲು ಹನ್ನೆರಡಡಿಯ ಏಣಿಯೊಂದಿದ್ದರೆ ಸಾಕು, ನಾನೇ ಮುಂದೆ ಹೋಗುತ್ತೇನೆ ಅಂದ.

ಹನ್ನೆರಡೇ ಅಡಿ! ಉತ್ತರದ ಗೋಡೆ ಅಷ್ಟು ಗಿಡ್ಡ ಇದ್ದದ್ದು ಯಾಕೆ ಅಂದರೆ ಅಲ್ಲಿ ಎತ್ತರ ಬೇಕು ಅಂತ ಯಾರಿಗೂ ಅನ್ನಿಸಿರಲಿಲ್ಲ. ಬಂಡೆ ಇದೆಯಲ್ಲ. ಬಂಡೆಗೆ ಸಂಬಳ ಕೊಡಬೇಕಿಲ್ಲ, ಅದು ನಿದ್ದೆ ಮಾಡುವುದಿಲ್ಲ. ಹೀಗಾಗಿ ಗೋಡೆಯ ಭಾರವನ್ನೆಲ್ಲ ಬಂಡೆಯ ಮೇಲೆ ಹಾಕಿ ಕಟ್ಟಿದವರು ಕೈ ತೊಳೆದುಕೊಂಡಿದ್ದರು. ಒಬ್ಬ ಹುಡುಗ ಹಲವು ರಾತ್ರಿ ಹತ್ತಿಳಿದು ಆ ಲೆಕ್ಕವನ್ನು ಸುಳ್ಳು ಮಾಡಿದ್ದ. ಆದರೆ ಅದನ್ನು ಮೇಲಿನವರಿಗೆ ಹೇಳುವವರು ಯಾರು? ಹೇಳಿದರೆ ಮೊದಲು ಒದೆ ಬೀಳುವುದು ಅವನಿಗೇ ಅಲ್ವಾ.

ಅಂದು ರಾತ್ರಿ ಮೂವತ್ತು ಜನ ಹತ್ತಿದರು. ಅರ್ಧದಲ್ಲಿ ಕೂತರು, ಕಲ್ಲು ಬಂತು, ಹೋಯಿತು. ಮತ್ತೆ ಹತ್ತಿದರು. ಮೇಲಿನ ಭಾಗ ಕೆಳಗಿನದಕ್ಕಿಂತ ಕಷ್ಟ. ಗೋಡೆಗೆ ಏಣಿ ಹಾಕಿ ಮೊದಲು ಹತ್ತಿದವನು ಫ್ರಾನ್ಸಿಸ್. ಹಿಂದೆ ಆಂಡ್ರೂ ಗ್ರೇ. ಮೂರನೆಯವನು ರಾಂಡಾಲ್ಫ್ ತಾನೇ. ಒಬ್ಬ ಅರ್ಲ್ ತನ್ನ ಸೈನ್ಯವನ್ನು ಕೆಳಗೆ ಬಿಟ್ಟು ಏಣಿಯ ಮೂರನೇ ಜಾಗದಲ್ಲಿ ಹತ್ತುವುದು ಜಾಣತನ ಅಂತ ನನಗೆ ಅನ್ನಿಸುವುದಿಲ್ಲ. ಅವನು ಸತ್ತಿದ್ದರೆ ಮುತ್ತಿಗೆಯೇ ಮುರಿಯುತ್ತಿತ್ತು. ಆದರೆ ಒಮ್ಮೆ ಆ ಕಡೆ ಹೋಗಿ ಬಂದವನು ಜನರ ಮುಂದೆ ತೋರಿಸಿಕೊಳ್ಳಬೇಕಾದ್ದು ಬೇರೆಯವರಿಗಿಂತ ಜಾಸ್ತಿ ಇತ್ತೇನೋ.

ಎಲ್ಲರೂ ಒಳಗಿಳಿಯುವ ಮೊದಲೇ ಸದ್ದಾಯಿತು. "ಮೋಸ, ಮೋಸ" ಎಂಬ ಕೂಗೆದ್ದಿತು. ಕೆಲವರು ಗೋಡೆ ಹಾರಿ ಓಡಿದರು. ಹೊಸ ಕಿಲ್ಲೇದಾರ ಓಡಲಿಲ್ಲ. ರಾಂಡಾಲ್ಫ್‌ಗೆ ಜೀವದ ಮೇಲೆ ಬಂದಿತ್ತು, ಅಷ್ಟು ಜೋರಾಗಿ ಕಾದಾಡಿದರು. ಕಿಲ್ಲೇದಾರ ಸತ್ತ ಮೇಲೆ ಉಳಿದವರು ಚೆದುರಿದರು.

ಬಾರ್ಬರ್ ಇಲ್ಲೊಂದು ಭವಿಷ್ಯವಾಣಿ ಸೇರಿಸುತ್ತಾನೆ. 1093ರಲ್ಲಿ ಇದೇ ಕೋಟೆಯಲ್ಲಿ ತೀರಿಕೊಂಡ ರಾಣಿ, ಮುಂದೆ ಸಂತಳಾದ ಮಾರ್ಗರೆಟ್, ತನ್ನ ಪೂಜಾಮಂದಿರದಲ್ಲಿ ಒಂದು ಚಿತ್ರ ಬಿಡಿಸಿದ್ದಳಂತೆ. ಕೋಟೆ, ಅದಕ್ಕೊರಗಿದ ಏಣಿ, ಏಣಿಯ ಮೇಲೊಬ್ಬ ಮನುಷ್ಯ. ಕೆಳಗೆ ಫ್ರೆಂಚ್‌ನಲ್ಲಿ, ಫ್ರಾನ್ಸಿನವನ ಬಗ್ಗೆ ಎಚ್ಚರ ಅಂತ ಬರಹ. ಕೋಟೆ ಫ್ರೆಂಚರ ಪಾಲಾಗುತ್ತದೆ ಅಂತ ಜನ ತಿಳಿದಿದ್ದರು, ಅದು ಫ್ರಾನ್ಸಿಸ್ ಅಂತ ಆಮೇಲೆ ಗೊತ್ತಾಯಿತು ಅನ್ನುತ್ತಾನೆ. ಆದಮೇಲೆ ಹೊಂದಿಸಿದ ಭವಿಷ್ಯ ಎಂದೂ ತಪ್ಪುವುದಿಲ್ಲ ನೋಡಿ.

ಇನ್ನೊಬ್ಬ ಸಾಕ್ಷಿ

ಲ್ಯಾನರ್‌ಕಾಸ್ಟ್ ಬರಹಗಾರ ಇದೇ ಕಾಲದವನು, ಶತ್ರು ಪಕ್ಷದವನು. ಅವನ ವರದಿಯಲ್ಲಿ ಫ್ರಾನ್ಸಿಸ್ ಇಲ್ಲ, ಹುಡುಗಿ ಇಲ್ಲ, ಬೀಸಿದ ಕಲ್ಲೂ ಇಲ್ಲ. ಆದರೆ ಬಾರ್ಬರ್ ಬಾಯಿಬಿಡದ ಒಂದು ವಿಷಯ ಇದೆ. ಒಂದು ಸಂಜೆ ಸ್ಕಾಟರು ದಕ್ಷಿಣದ ಬಾಗಿಲ ಮೇಲೆ ಜೋರಾಗಿ ಬಿದ್ದರು ಅನ್ನುತ್ತಾನೆ. ಅಲ್ಲಿ ಬಿಟ್ಟರೆ ನೇರ ದಾಳಿಗೆ ಬೇರೆ ಜಾಗವೇ ಇರಲಿಲ್ಲ. ಒಳಗಿನವರೆಲ್ಲ ಬಾಗಿಲಿಗೆ ಓಡಿ ಗಟ್ಟಿಯಾಗಿ ತಡೆದರು. ಅಷ್ಟರಲ್ಲಿ ಬೇರೆ ಸ್ಕಾಟರು ಉತ್ತರದ ಬಂಡೆ ಹತ್ತಿ, ಗೋಡೆಗೆ ಏಣಿ ಹಾಕಿ ಒಳಗಿಳಿದರು. ಬಾಗಿಲು ತೆರೆದು ತಮ್ಮವರನ್ನು ಬಿಟ್ಟುಕೊಂಡರು.

ನನಗೆ ಈ ಮಾತು ಹೆಚ್ಚು ತೂಕದ್ದಾಗಿ ಕಾಣುತ್ತದೆ. ಮೂವತ್ತೇ ಜನ ಒಂದು ಕಾವಲು ಪಡೆಯನ್ನು ಮುಗಿಸುವುದು ಪದ್ಯದಲ್ಲಿ ಸುಲಭ. ಬಾಗಿಲ ಬಳಿ ಗದ್ದಲ ಎಬ್ಬಿಸಿ ಜನರನ್ನು ಅತ್ತ ಸೆಳೆದಿದ್ದರೆ ಮಾತ್ರ ಲೆಕ್ಕ ಕೂಡುತ್ತದೆ. ವೀರರ ಕಥೆ ಹೇಳುವ ಬಾರ್ಬರ್‌ಗೆ ಬಾಗಿಲ ಬಳಿ ಕಿರುಚಾಡಿ ಏಟು ತಿಂದ ಸಾಮಾನ್ಯ ಸೈನಿಕರು ಬೇಕಾಗಲಿಲ್ಲ ಅಂತ ಕಾಣುತ್ತದೆ. ಉತ್ತರದ ಬಂಡೆ, ಏಣಿ, ಇವೆರಡನ್ನು ಮಾತ್ರ ಇಬ್ಬರೂ ಹೇಳುತ್ತಾರೆ. ಅಷ್ಟು ಗಟ್ಟಿ.

ಕೆಡವಿದ್ದು

ಗೆದ್ದ ಮೇಲೆ ಬ್ರೂಸ್ ಅಪ್ಪಣೆ ಬಂತು, ಕೋಟೆ ಕೆಡವಿ. ರಾಕ್ಸ್‌ಬರೋಗೂ ಇದೇ ಗತಿಯಾಗಿತ್ತು. ಕಟ್ಟಡಗಳಲ್ಲಿ ಉಳಿದದ್ದು ಮಾರ್ಗರೆಟ್ ಹೆಸರಿನ ಒಂದು ಪುಟ್ಟ ಪೂಜಾಮಂದಿರ. ಅವಳ ಮಗ ದೊರೆ ಡೇವಿಡ್ 12ನೇ ಶತಮಾನದ ಮೊದಲ ಭಾಗದಲ್ಲಿ ಕಟ್ಟಿಸಿದ್ದು. ಎಡಿನ್‌ಬರೋ ಊರಿನಲ್ಲಿ ಈಗ ನಿಂತಿರುವ ಅತಿ ಹಳೆಯ ಕಟ್ಟಡ ಅದೇ.

ಕೆಡವಿದ್ದು ಸಿಟ್ಟಿಗಲ್ಲ. ಕೋಟೆ ಇಟ್ಟುಕೊಂಡರೆ ಅದರೊಳಗೆ ನೂರಾರು ಜನರನ್ನು ವರ್ಷಪೂರ್ತಿ ಸಾಕಬೇಕು. ಬ್ರೂಸ್‌ಗೆ ಅಷ್ಟು ಜನ ಬಯಲಲ್ಲೇ ಬೇಕಿತ್ತು. ಬಿಟ್ಟು ಹೋದರೆ ಇಂಗ್ಲಿಷರು ಬಂದು ಮತ್ತೆ ಕೂರುತ್ತಾರೆ. ಮುತ್ತಿಗೆ ಹಾಕಿ ಗೆಲ್ಲುವ ಯಂತ್ರ ಅವರ ಹತ್ತಿರ ಇದೆ, ಇವನ ಹತ್ತಿರ ಇಲ್ಲ. ಹಾಗಾಗಿ ಗೋಡೆ ಇದ್ದರೆ ಲಾಭ ಯಾವಾಗಲೂ ಅವರಿಗೇ. ಬೀಗ ನಮ್ಮ ಕೈಗೆ ಬಂದರೂ ಕದ್ದ ಕೀಲಿ ಅವರ ಹತ್ತಿರ ಉಳಿಯುವುದಾದರೆ ಬೀಗವನ್ನೇ ಮುರಿದುಹಾಕುವುದು ಮೇಲು. ದೊರೆಯೊಬ್ಬ ತನ್ನದೇ ರಾಜ್ಯದ ಕೋಟೆಗಳನ್ನು ಒಂದೊಂದಾಗಿ ನೆಲಸಮ ಮಾಡಲು ಗುಂಡಿಗೆ ಬೇಕು. ಏಣಿ ಹತ್ತಿದ್ದಕ್ಕಿಂತ ಇದನ್ನೇ ನಾನು ದೊಡ್ಡದು ಅನ್ನುತ್ತೇನೆ.

ಮೂರು ತಿಂಗಳ ನಂತರ ಎಡ್ವರ್ಡ್ ಸೈನ್ಯ ಬಂತು. ಸ್ಟರ್ಲಿಂಗ್ ಕೋಟೆಯನ್ನು ಬಿಡಿಸಲು ಹೊರಟಿತ್ತು. ದಾರಿಯಲ್ಲಿ ತಂಗಿ ನಿಲ್ಲಲು ಎಡಿನ್‌ಬರೋದಲ್ಲಿ ಗೋಡೆಗಳಿರಲಿಲ್ಲ. ಜೂನ್ 23 ಮತ್ತು 24ರಂದು ಬ್ಯಾನಕ್‌ಬರ್ನ್‌ನಲ್ಲಿ ಅದು ಸೋತಿತು. ಮೊದಲ ದಿನ ರಾಂಡಾಲ್ಫ್‌ನ ಈಟಿಗಾರರು ಬಯಲಲ್ಲೇ, ಅವನು ಹಿಂದೆ ಬಯಸಿದ್ದ ಹಾಗೆ ಎದುರಾಬದುರು ನಿಂತು, ಇಂಗ್ಲಿಷ್ ಕುದುರೆ ಸವಾರರನ್ನು ಮುರಿದರು.

ಕೆಡವಿದರೂ ಬಂಡೆ ಎಲ್ಲಿಗೆ ಹೋಗುತ್ತದೆ? 1335ರಲ್ಲಿ ಇಂಗ್ಲಿಷರು ಮತ್ತೆ ಬಂದು ಗೋಡೆ ಎಬ್ಬಿಸಿದರು. 1341ರ ಏಪ್ರಿಲ್‌ನಲ್ಲಿ ವಿಲಿಯಂ ಡಗ್ಲಸ್ ಎಂಬ ಇನ್ನೊಬ್ಬ ಡಗ್ಲಸ್ ವ್ಯಾಪಾರಿಗಳ ವೇಷದಲ್ಲಿ ಸಾಮಾನು ತಂದು ಬಾಗಿಲ ನಡುವೆ ನಿಲ್ಲಿಸಿ, ಅದು ಮುಚ್ಚದಂತೆ ಮಾಡಿ, ಕೋಟೆ ಹಿಡಿದ. ಲಿನ್‌ಲಿತ್‌ಗೋದ ಹುಲ್ಲುಗಾಡಿಯ ಉಪಾಯವೇ. ಈ ಸಲ ಸ್ಕಾಟರು ಕೋಟೆಯನ್ನು ಉಳಿಸಿಕೊಂಡರು.

ಬೇಡಿಯಲ್ಲಿದ್ದ ಲುಬೋ ಏನಾದ? ಬಿಡುಗಡೆಯಾಗಿ ಬ್ರೂಸ್ ಕಡೆ ಸೇರಿದ. ಕೆಲಕಾಲದ ಮೇಲೆ ಬ್ರೂಸ್ ಅವನ ಮೇಲೂ ದ್ರೋಹದ ಆರೋಪ ಹೊರಿಸಿ ಕೊಲ್ಲಿಸಿದ. ಮಾತು ಜಾಸ್ತಿ ಆಡುತ್ತಿದ್ದನಂತೆ, ಮನಸ್ಸಲ್ಲಿ ಇನ್ನೂ ಇಂಗ್ಲಿಷನೇ ಅಂತ ಅನುಮಾನವಂತೆ. ಇದನ್ನು ಬರೆದಿಟ್ಟವನು ಥಾಮಸ್ ಗ್ರೇ, ಇಂಗ್ಲೆಂಡಿನ ಒಬ್ಬ ಸರದಾರ. ಅವನ ಅಪ್ಪನನ್ನು ಬ್ಯಾನಕ್‌ಬರ್ನ್‌ನ ಮೊದಲ ದಿನ ಸೆರೆಹಿಡಿದದ್ದು ರಾಂಡಾಲ್ಫ್‌ನ ಪಡೆ. ಮಗನೂ 1355ರಲ್ಲಿ ಸ್ಕಾಟರಿಗೆ ಸೆರೆಸಿಕ್ಕ. ಅವನನ್ನು ಇಟ್ಟದ್ದು ಎಡಿನ್‌ಬರೋ ಕೋಟೆಯಲ್ಲಿ. ಹೊತ್ತು ಹೋಗದೆ ಅಲ್ಲಿದ್ದ ಪುಸ್ತಕಗಳನ್ನು ಓದಿ ತಾನೂ ಒಂದು ಚರಿತ್ರೆ ಬರೆಯಲು ಕೂತ. ರಾಂಡಾಲ್ಫ್‌ನ ಜನ ಬಂಡೆಯ ಅತಿ ಎತ್ತರದ ಕಡೆಯಿಂದ, ಒಳಗಿನವರಿಗೆ ಭಯವೇ ಇರದಿದ್ದ ಕಡೆಯಿಂದ ಬಂದರು ಅಂತ ಅದರಲ್ಲಿ ಬರೆದಿದ್ದಾನೆ. ಪುಸ್ತಕಕ್ಕೆ ಇಟ್ಟ ಹೆಸರು ಸ್ಕಾಲಕ್ರೋನಿಕಾ. ಸ್ಕಾಲ ಅಂದರೆ ಲ್ಯಾಟಿನ್‌ನಲ್ಲಿ ಏಣಿ. ಗ್ರೇ ಮನೆತನದ ಗುರುತೂ ಏಣಿಯೇ.